ಒರೆಸಿದರೂ ಹೋಗದ ಕೆಂಪು

ಕೆಂಪು ಸೀಮೆಸುಣ್ಣ ಪಟ್ಟನೆ ಮುರಿದು ಕಾಲ ಬುಡಕ್ಕೆ ಉರುಳಿತು, ಬಾಗಿ ಎತ್ತಿಕೊಳ್ಳುವಾಗ ಮೇಜಿನ ಮೇಲಿನ ಫೋನು ಕಂಡಿತು, ಇನ್ನೂ ಸುಮ್ಮನಿದೆ, ಸದ್ಯ, ಅಕ್ಕಾ, ಇವಳ ಕಿಡ್ನಿ ಉಳಿಯತ್ತೋ ಇಲ್ವೋ ಇವತ್ತಿನ ರಿಪೋರ್ಟಲ್ಲಿ ಗೊತ್ತಾಗತ್ತಂತೆ, ನೀವು ಕ್ಲಾಸಲ್ಲಿರ್ತೀರಲ್ಲ, ಒಳ್ಳೇದಾದ್ರೆ ಮೆಸೇಜ್ ಹಾಕ್ತೀನಿ, ಇಲ್ಲಾಂದ್ರೆ ಫೋನೇ ಮಾಡ್ಬಿಡ್ತೀನಿ ಎಂದಿದ್ದ ತಂಗಿಯ ಗಂಡ — ಬರೆದುಕೊಳ್ಳಿ, ಎಂದಳು ಮಕ್ಕಳಿಗೆ, ರೋಗಿ ಅನುಭವಿಸಿ ಹೇಳುವುದು ಲಕ್ಷಣ, ಬೇರೆಯವರ ಕಣ್ಣಿಗೆ ಕಾಣುವುದು ಚಿಹ್ನೆ, ಎರಡನ್ನೂ ಕಲಸಿಬಿಡಬೇಡಿ, ಪ್ರತಿ ವರ್ಷ ಇದೇ ವಾಕ್ಯ, ನಾಲಿಗೆ ತಾನಾಗಿ ಹೇಳಿಕೊಂಡು ಹೋಗುತ್ತದೆ, ಕೀಲೆಲ್ಲ ಹಿಡ್ಕೊಂಡಿದೆ ಕಣೇ ಅಕ್ಕಾ, ಬಾಚಣಿಗೆ ಹಿಡಿಯಕ್ಕೂ ಆಗ್ತಿಲ್ಲ, ಅದು ಲಕ್ಷಣ, ತಂಗಿ ಬಾಯಿಬಿಟ್ಟು ಹೇಳಿದ್ದಳು, ನಿಂಗೆ ಬಂದಿರೋದು ಸೋಮಾರಿತನ, ಅದಕ್ಕಿನ್ನೂ ಮಾತ್ರೆ ಕಂಡುಹಿಡಿದಿಲ್ಲ ಎಂದಿದ್ದು ತಾನು, ವಿಜ್ಞಾನದ ಮೇಡಂ ಹೇಳಿದ ಮೇಲೆ ಮುಗೀತು, ಮನೆಮಂದಿಯೆಲ್ಲ ನಕ್ಕರು, ತಂಗಿಯೂ ನಕ್ಕಳು, ಬಾಚಣಿಗೆ ಎಡಗೈಗೆ ಬದಲಾಯಿಸಿಕೊಂಡು — ಹಲಗೆಯ ಮೇಲೆ ಬಿಳಿರಕ್ತಕಣ, ಅದರ ಸುತ್ತ ರೋಗಾಣುಗಳ ಕೆಂಪು ಚುಕ್ಕೆಗಳು, ಈ ಬಿಳಿಕಣಗಳು ಕಾವಲುಗಾರರು, ಒಳನುಗ್ಗಿದ ರೋಗಾಣುವಿನ ಗುರುತು ಹಿಡಿದು ಅದಕ್ಕೆ ತಕ್ಕ ಪ್ರತಿಕಾಯ ತಯಾರಿಸುತ್ತವೆ, ಒಮ್ಮೆ ಕಂಡ ವೈರಿಯನ್ನು ಬೇಗ ಮರೆಯುವುದಿಲ್ಲ, ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು, ಮಿಸ್, ಅವು ಗುರುತು ತಪ್ಪಿ ನಮ್ಮವರನ್ನೇ ಹೊಡೆದ್ರೆ, ಹೊಡೀತವೆ ಕಣಮ್ಮಾ, ಕೀಲು, ಚರ್ಮ, ಮೂತ್ರಪಿಂಡ, ನಮ್ಮದು ಅಂತ ನೋಡೋದೇ ಇಲ್ಲ, ಹಾಗಾದ್ರೆ ನಮಗೆ ಹೇಗೆ ಗೊತ್ತಾಗತ್ತೆ ಮಿಸ್, ಹೇಗೆ, ಕೆಲವರಿಗೆ ಮುಖದ ಮೇಲೆ — ಅವತ್ತು ಎಲ್ಲರೂ ಸ್ಟುಡಿಯೋಗೆ ಹೊರಟು ನಿಂತಿದ್ದಾರೆ, ಮನೆಮಂದಿಯೆಲ್ಲ ಸೇರಿ ಒಂದು ಫೋಟೊ ಎಂದು ಅಪ್ಪನ ಆಸೆ, ತಂಗಿಯ ಮೂಗಿನ ಮೇಲಿಂದ ಎರಡೂ ಕೆನ್ನೆಗೆ ರೆಕ್ಕೆ ಬಿಚ್ಚಿದ ಹಾಗೆ ಕೆಂಪು, ಏನೇ ಇದು, ನಾಟಕಕ್ಕೆ ಹೊರಟಿದ್ಯಾ ಇಷ್ಟು ಬಳ್ಕೊಂಡು, ನಾನೇನೂ ಹಚ್ಚಿಲ್ಲ ಕಣೇ, ಸುಳ್ಳು ಬೇರೆ, ಬಾ ಇಲ್ಲಿ, ಗಲ್ಲ ಹಿಡಿದೆತ್ತಿ ಕರವಸ್ತ್ರದ ಒದ್ದೆ ತುದಿಯಿಂದ ಉಜ್ಜುತ್ತಾಳೆ, ಹೋಗುವುದಿಲ್ಲ, ಇನ್ನಷ್ಟು ಒತ್ತಿ ಉಜ್ಜುತ್ತಾಳೆ, ಕಣ್ಣಿಗೆ ಕಾಣುವುದು ಚಿಹ್ನೆ, ಬೆರಳಿಗೆ ಬಿಸಿ ತಾಗುವಷ್ಟು ಹತ್ತಿರ — ಮಿಸ್, ಫೋನು, ಎಂದರು ಮುಂದಿನ ಬೆಂಚಿನವರು, ಮೆಸೇಜಲ್ಲ, ಬಿಟ್ಟೂಬಿಡದೆ ಹೊಡೆದುಕೊಳ್ಳುತ್ತಿದೆ, ಮೇಜಿನ ಅಂಚಿಗೆ ಸರಿಯುತ್ತಿದೆ, ಎತ್ತಬೇಕು, ಕೈತುಂಬ ಕೆಂಪು ಪುಡಿ, ಮೊದಲು ಇದನ್ನು ಒರೆಸಿಕೊಳ್ಳಬೇಕು, ಹಲಗೆ ಒರೆಸುವ ಒದ್ದೆ ಬಟ್ಟೆ ಎತ್ತಿಕೊಂಡಳು, ಉಜ್ಜಿದಳು, ಬೆರಳ ಸಂದಿಗೆಲ್ಲ ಹರಡಿತು, ಇನ್ನೂ ಉಜ್ಜಿದಳು, ಅಕ್ಕಾ ಉರಿಯತ್ತೆ ಕಣೇ, ಅಲ್ಲಾಡಬೇಡ, ಅಲ್ಲಾಡಲಿಲ್ಲ ಅವಳು, ಕಣ್ಣು ಮುಚ್ಚಿ, ಗಲ್ಲವನ್ನು ಅಕ್ಕನ ಕೈಯಲ್ಲಿ ಬಿಟ್ಟು, ಆ ಕೆನ್ನೆ, ಒದ್ದೆ ಬಟ್ಟೆ, ಆ ಕೆಂಪು