ಬ್ಯಾರನ್ನಿನಲ್ಲಿ ಅಣಬೆ

ತೊಂಬತ್ತೆಂಟನೇ ಇಸವಿ. ನಮ್ಮಣ್ಣ ಚಲುವರಾಜು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. "ಹೊಗೆಸೊಪ್ಪು ಬೇಯ್ಸೋವರ್ಗೂ ಬ್ಯಾರನ್ ನಿಂದು. ಅಷ್ಟರಲ್ಲಿ ಅಣಬೆ ಬಂದ್ರೆ ಇಲ್ಲೇ ಇರು. ಬರ್ನಿಲ್ಲ ಅಂದ್ರೆ ಸುಮ್ಕೆ ಗಂಡನ ಮನೆಗೆ ಓಗ್ಬೇಕು ಕಣಮ್ಮಿ."

ಗಂಡನ ಮನೆ ಇದ್ದದ್ದು ಹೊಸ ಅಗ್ರಹಾರದಲ್ಲಿ. ಅಲ್ಲಿ ಅವನು ಒನಕೆಯಲ್ಲಿ ಹೊಡೆದು ನನ್ನ ಎಡಗೈ ಮುರಿದಿದ್ದ. ಆ ಮನೆಗಿಂತ ಬಾವಿ ವಾಸಿ ಎಂದುಕೊಂಡೇ ನಾನು ಕಟ್ಟೆಮಳಲವಾಡಿಯ ತವರಿಗೆ ಬಂದಿದ್ದೆ.

ಹೊಗೆಸೊಪ್ಪು ಬೇಯಿಸುವ ಆ ಎತ್ತರದ ಕತ್ತಲೆ ಬ್ಯಾರನ್ ಕಟ್ಟಡಕ್ಕೆ ಸುಣ್ಣ ಹೊಡೆದೆ. ಮೈಸೂರಿನ ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ ಭತ್ತದ ಹುಲ್ಲನ್ನು ಕತ್ತರಿಸಿ, ಕುದಿಸಿ, ಆರಿಸಿ, ಅಣಬೆ ಬೀಜ ಹಾಕಿ ನಲವತ್ತು ಪ್ಲಾಸ್ಟಿಕ್ ಚೀಲ ತುಂಬಿ ತೂಗುಹಾಕಿದೆ. ಸೋಪು ಹಾಕಿ ಕೈ ತೊಳೆಯದೆ ಚೀಲ ಮುಟ್ಟಲೇಬಾರದು ಎಂದಿದ್ದರು. ಅದನ್ನು ಅವ್ವನಿಗೂ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಹದಿನೆಂಟನೇ ದಿನಕ್ಕೆ ಹುಲ್ಲೆಲ್ಲ ಬೆಳ್ಳಗಾಯಿತು. ಚೀಲಗಳ ಮೈಯನ್ನು ಅಲ್ಲಲ್ಲಿ ಸೀಳಿದೆ. ಇನ್ನು ಹೊತ್ತುಹೊತ್ತಿಗೆ ನೀರು ಚಿಮುಕಿಸಿದರೆ ವಾರದೊಳಗೆ ಅಣಬೆ ಕೈಗೆ ಬರುತ್ತಿತ್ತು.

ಆಗಲೇ ನಾನು ಮುಟ್ಟಾದೆ.

ಅವ್ವ ಮಲ್ಲಾಜಮ್ಮ ಬ್ಯಾರನ್ನಿನ ಬಾಗಿಲಿಗೆ ಅಡ್ಡ ನಿಂತಳು. "ವೀಳ್ಯದೆಲೆ ತೋಟಕ್ಕೇ ಕಾಲಿಡಂಗಿಲ್ಲ. ಇದು ಅದ್ಕಿಂತ ನಾಜೂಕು. ಮೂರ್ ದಿನ ಒಳಿಕ್ ಓಗ್ಬ್ಯಾಡ ಕಣವ್ವ."

"ನೀರು ನಿಮ್ಮಪ್ಪ ಬಂದ್ ಹಾಕ್ತಾನಾ?" ಎಂದು ರೇಗಿ ಅವಳನ್ನು ಸರಿಸಿ ಒಳಗೆ ಹೋದೆ. ಮೂರು ದಿನವೂ ಹೋದೆ. ಚೀಲದ ತುಂಬ ಸಣ್ಣ ಸಣ್ಣ ಮೊಗ್ಗು ಮೂಡಿದವು. ಅಯ್ಯೋ, ನನಗಾದ ಸಂತೋಷ! ನಾಲ್ಕನೇ ದಿನ ಹುಣಸೂರಿಗೆ ಓಡಿ, ತರಕಾರಿ ಮಂಡಿಯ ಅಬ್ದುಲ್ ಅಜೀಜ್ ಸಾಬರಿಗೆ ಸುದ್ದಿ ಮುಟ್ಟಿಸಿ ಬಂದೆ.

ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ನೀರು ಹಾಕಲು ಬಾಗಿಲು ತೆಗೆದರೆ ಗಬ್ಬುನಾತ. ಮೊಗ್ಗೆಲ್ಲ ಕೊಳೆತು ಲೋಳೆಯಾಗಿತ್ತು, ಹುಲ್ಲಿಗೆ ಹಸಿರು ಬೂಷ್ಟು ಹಿಡಿದಿತ್ತು. ನಲವತ್ತರಲ್ಲಿ ಒಂದೂ ಉಳಿದಿರಲಿಲ್ಲ. ಕತ್ತಲೆ ಮೂಲೆಯಲ್ಲಿ, ಅಲ್ಲಿಯವರೆಗೆ ನನ್ನ ಕಣ್ಣಿಗೆ ಬೀಳದ ಒಂದು ಚೆಂಬು, ಅದರಲ್ಲಿ ಮಾವಿನ ಸೊಪ್ಪು. ಎತ್ತಿ ಮೂಸಿದೆ. ಗಂಜಲ.

"ಅವ್ವಾ!"

ಅವಳು ಓಡಿ ಬಂದಳು. "ಮೈಲಿಗೆ ಆಗಿತ್ತಲ್ಲವ್ವ. ನೀನು ಉಣ್ಸೂರಿಗೆ ಓದಾಗ ಒಂದ್ ಚೀಲನೂ ಬುಡದಂಗೆ ಚಿಮುಕ್ಸಿದೆ. ನಿನ್ ಬೆಳೆ ಕೆಡಬಾರ್ದು ಅಂತ."

ನನ್ನ ಬಾಯಿಗೆ ಏನೇನು ಬಂತೋ. ಹಾಳಾದವಳೇ ಎಂದೆ. ಹುಟ್ಟಿದಾಗಲೇ ನನ್ನ ಕತ್ತು ಹಿಸುಕಬಾರದಿತ್ತೇ ಎಂದೆ. ಅವಳು ಒಂದೊಂದೇ ಚೀಲ ಮುಟ್ಟಿ ನೋಡುತ್ತಾ ಹೋದಳು.

"ಒಂದೂ ಬದ್ಕಾಕಿಲ್ವಾ?"

"ಇಲ್ಲ."

ಮತ್ತೆ ಬೀಜ ಹಾಕಲು ದಿನ ಉಳಿದಿರಲಿಲ್ಲ. ಹೊಲದಲ್ಲಿ ಸೊಪ್ಪು ಹಣ್ಣಾಗಿತ್ತು, ಅಣ್ಣ ಅಂದೇ ಬ್ಯಾರನ್ ಮುಂದೆ ಸೌದೆ ಇಳಿಸಿದ.

"ಕೆಡಿಸ್ದೋಳು ನಾನು ಕಣ್ಲಾ. ಅವಳನ್ನ ಕಳಿಸ್ಬ್ಯಾಡ," ಎಂದು ಅವ್ವ ಅವನ ಕೈ ಹಿಡಿದಳು.

ಅವನು ನನ್ನ ಮುಖ ನೋಡಲಿಲ್ಲ. "ಯಾರ್ ಕೆಡಿಸಿದ್ರೇನು, ಮಾತು ಮಾತೇ. ನಾಳೆ ಬಸ್ ಅತ್ತಿಸ್ತೀನಿ."

ಬೆಳಿಗ್ಗೆ ಬಸ್ಸಿನಲ್ಲಿ ಕೂತೆ. ಬಸ್ಸು ಹೊರಡುವಷ್ಟರಲ್ಲಿ ಅವ್ವ ಬಟ್ಟೆಗಂಟು ಹಿಡಿದು ಹತ್ತಿ ನನ್ನ ಪಕ್ಕ ಕೂತಳು.

"ನೀನ್ಯಾಕೆ?" ಎಂದು ಗದರಿದೆ.

ಅವಳು ಕಂಡಕ್ಟರನಿಗೆ ಎರಡು ಟಿಕೀಟು ಕೇಳಿ, ಆಮೇಲೆ ನನ್ನ ಕಡೆ ತಿರುಗಿದಳು.

"ಅವ್ನು ಒಡೆಯೋದಾದ್ರೆ ಮೊದ್ಲು ನನಗ್ ಒಡೀಲಿ ಕಣವ್ವ."