ತಂತಿಯಾಚೆಯ ಕೊಟ್ಟಿಗೆ

ಕೊಟ್ಟಾರದ ಹೆದ್ದಾರಿಯಲ್ಲಿ ಲಾರಿಯೊಂದು ಗುಲಾಬಿ ಅಮ್ಮನ ಹಳೆಯ ಬೆಕ್ಕನ್ನು ಟಾರಿಗೆ ಅಂಟಿಸಿ ಹೋಗಿತ್ತು. ಹೊಸ ಬೆಕ್ಕು ಬೊಳ್ಳಿಗೆ ಆ ಗತಿ ಬರಬಾರದೆಂದು ದುಬೈಯಲ್ಲಿದ್ದ ಅವರ ತಮ್ಮ ಒಂದು ಯಂತ್ರ ಕಳಿಸಿದ. ಮನೆಯ ಸುತ್ತ ಮಣ್ಣಿನಡಿ ತಂತಿ, ಒಳಗೆ ತಿರುಗುಗುಂಡಿಯ ಪೆಟ್ಟಿಗೆ, ಬೆಕ್ಕಿನ ಕೊರಳಿಗೆ ಬ್ಯಾಟರಿಯ ಪಟ್ಟಿ. ತಂತಿಯ ಹತ್ತಿರ ಹೋದರೆ ಪಟ್ಟಿ ಕೀಂಯ್ ಎನ್ನುತ್ತದೆ. ಮತ್ತೂ ಮುಂದೆ ಹೋದರೆ ಕೊರಳಿಗೇ ಶಾಕ್.

ತಂತಿ ಹುಗಿಯಲು ಬಂದ ಎಲೆಕ್ಟ್ರಿಷಿಯನ್ ಬೊನಿಫಾಸ್ ಹಿತ್ತಲಲ್ಲಿ ನಿಂತು ಕೇಳಿದ: “ಈ ಸೌದೆಕೊಟ್ಟಿಗೆ ಎಂತ ಮಾಡುವುದು ಧಣಿ? ಒಳಗೆ ಸೇರಿಸುವುದಾ? ತಂತಿ ಇನ್ನೂ ಉಂಟು.”

“ಅದು ಮನೆಯಾ ಮಾರಾಯ?” ಗುಲಾಬಿ ಅಮ್ಮನ ಗಂಡ ತಾರಾನಾಥ ಧಣಿ ನಕ್ಕರು. “ಅದು ದೇಯಿ ಉಣ್ಣುವ ಜಾಗ. ಹೊರಗೇ ಇರಲಿ.”

ದೇಯಿ ಅಲ್ಲೇ ಮೀನು ಕೊಯ್ಯುತ್ತಿದ್ದಳು. ಅವಳಿಗೆ ಕೇಳಿಸೀತೆಂದು ಯಾರೂ ಅಳುಕಲಿಲ್ಲ; ಅರೆಯುವ ಕಲ್ಲಿಗೆ ಕಿವಿ ಉಂಟೆಂದು ಯಾರಾದರೂ ಹೆದರುತ್ತಾರೆಯೇ? ಅವಳ ಅಪ್ಪ ಈ ಮನೆಯ ಒಕ್ಕಲು. ಭೂಮಸೂದೆ ಬಂದಾಗ ಊರೆಲ್ಲ ಡಿಕ್ಲರೇಶನ್ ಹಾಕಿ ಉತ್ತ ಗದ್ದೆಯನ್ನು ತನ್ನದು ಮಾಡಿಕೊಂಡಿತು. ಅಪ್ಪ ಮಾತ್ರ ಧಣಿಯ ಮುಖ ನೋಡಿ ಹಾಕಲಿಲ್ಲ. ಆ ಗದ್ದೆ ಮಾರಿ ಧಣಿ ಹೋಟೆಲು ಕಟ್ಟಿಸಿದರು. ಅಪ್ಪ ಸತ್ತ, ಮಗಳು ಪಾತ್ರೆ ತಿಕ್ಕಲು ಬಂದಳು.

ಆ ಕೊಟ್ಟಿಗೆಯಲ್ಲಿ, ತೆಂಗಿನ ಸಿಪ್ಪೆಯ ರಾಶಿಯ ಹಿಂದೆ, ಬೊಳ್ಳಿ ಮೂರು ಮರಿ ಹಾಕಿದ್ದು ದೇಯಿಗೊಬ್ಬಳಿಗೇ ಗೊತ್ತು. ಬೆಕ್ಕು ದಪ್ಪವಾದದ್ದು ಹಾಲು ಹೆಚ್ಚಾಗಿ ಎಂದೇ ಗುಲಾಬಿ ಅಮ್ಮ ನಂಬಿದ್ದರು. ಹೇಳೋಣವೆಂದರೆ, ಹಳೆಯ ಬೆಕ್ಕು ಮರಿ ಹಾಕಿದಾಗ “ಗೋಣಿಯಲ್ಲಿ ಕಟ್ಟಿ ಕೂಳೂರು ಸಂಕದಿಂದ ಹೊಳೆಗೆ ಬಿಸಾಡಿ ಬಾ” ಎಂದಿದ್ದರು ಅವರೇ. ಬಿಸಾಡಿದ್ದು ದೇಯಿಯ ಕೈ. ಈಗ ಹೇಳಿದರೆ ಹೊಳೆ, ಹೇಳದಿದ್ದರೆ ತಂತಿ. ಅವಳು ಬಾಯಿ ಮುಚ್ಚಿಕೊಂಡಳು.

ಬೊಳ್ಳಿ ಮೊದಮೊದಲು ಹಾರಿತು. ಕಿರುಚುತ್ತಾ ಗೆರೆ ದಾಟಿ ಬಂದು, ನಡುಗುತ್ತಲೇ ಮಲಗಿ ಹಾಲು ಕೊಟ್ಟಿತು. ಮರಳುವಾಗ ಮತ್ತೊಂದು ಪೆಟ್ಟು. ಕೊರಳಿನ ಕೂದಲು ಉದುರಿ ಕೆಂಪು ಗಾಯವಾಯಿತು.

“ನೋಡಿ, ಇದಕ್ಕೆ ಬುದ್ಧಿಯೇ ಬರುವುದಿಲ್ಲ. ಪುನಃ ಹೊರಗೆ ಹೋಗಿತ್ತು” ಎಂದರು ಗುಲಾಬಿ ಅಮ್ಮ. “ಸ್ವಲ್ಪ ಜಾಸ್ತಿ ಮಾಡಿ.”

ಧಣಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರು. “ಪೆಟ್ಟು ತಿಂದರೇ ಮರ್ಯಾದೆ ಕಲಿಯುವುದು. ಮೊದಲಿನ ಒಕ್ಕಲುಗಳ ಹಾಗೆ. ಅಲ್ಲವಾ ದೇಯಿ?”

ಹಿಂಬಾಗಿಲ ಹೊರಗಿದ್ದ ದೇಯಿ ನಕ್ಕಳು. ನಗುವುದೂ ಅವಳ ಕೆಲಸದಲ್ಲೇ ಸೇರಿತ್ತು.

ಬೊಳ್ಳಿ ಕಲಿಯಿತು. ಗೆರೆಯ ಈಚೆ ಕುಳಿತು ಕೊಟ್ಟಿಗೆಯತ್ತ ಮುಖ ಮಾಡಿ ಒರಲುವುದೊಂದೇ. ಮೊಲೆ ಬಿಗಿದು ಹಾಲು ಮಣ್ಣಿಗೆ ತೊಟ್ಟಿಕ್ಕಿತು. ಆಚೆ ಮರಿಗಳು ಒರಲಿದವು. ಈಚೆ ತಂದರೆ ಗುಲಾಬಿ ಅಮ್ಮನ ಕಣ್ಣಿಗೆ ಬೀಳುತ್ತವೆ, ಮತ್ತೆ ಹೊಳೆಯೇ. ದೇಯಿ ಬಟ್ಟೆಯ ಬತ್ತಿಯನ್ನು ದನದ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು, ಉಗುಳಿದವು. ಒಂದು ಸತ್ತಿತು. ಮರುದಿನ ಇನ್ನೊಂದು. ದೇಯಿ ಎರಡನ್ನೂ ಬಾಳೆಯ ಬುಡದಲ್ಲಿ ಹುಗಿದಳು.

ಆ ಸಂಜೆ ಚಾವಡಿಯಲ್ಲಿ ನೆಂಟರು. ಧಣಿ ಯಂತ್ರದ ಗುಣಗಾನ ಮಾಡುತ್ತಿದ್ದರು: “ಗೋಡೆ ಬೇಡ, ಹಗ್ಗ ಬೇಡ. ತಾನಾಗಿಯೇ ನಿಲ್ಲುತ್ತದೆ.” ದೇಯಿ ಹಿತ್ತಲಲ್ಲಿ ಬೊಳ್ಳಿಯ ಕೊರಳಪಟ್ಟಿ ಬಿಚ್ಚಿದಳು.

“ಹೋಗು ಮಗಾ. ಈಗ ಎಂತದ್ದೂ ಆಗುವುದಿಲ್ಲ.”

ಬೊಳ್ಳಿ ಗೆರೆಯ ತನಕ ಹೋಗಿ ನಿಂತಿತು. ಹೊಟ್ಟೆ ನೆಲಕ್ಕೆ ಹಚ್ಚಿ ನಡುಗಿತು. ದೇಯಿ ಎತ್ತಿಕೊಂಡು ದಾಟಲು ನೋಡಿದಳು; ಅದು ಹುಚ್ಚೆದ್ದು ಅವಳ ಮೊಣಕೈಯವರೆಗೆ ಸಿಗಿದು, ಮನೆಯೊಳಗೆ ಓಡಿ ಚಾವಡಿಯ ಸೋಫಾದಡಿ ಸೇರಿತು.

ಕೊರಳಲ್ಲಿ ಪಟ್ಟಿಯಿರಲಿಲ್ಲ. ಆದರೂ ನಿಂತಿತಲ್ಲ! ದೇಯಿಗೆ ಅಪ್ಪನ ಮುಖ ನೆನಪಾಯಿತು.

ಉಳಿದ ಮರಿಯನ್ನು ಸೆರಗಿನಲ್ಲಿ ಸುತ್ತಿ ಓಡಿದಳು. ಅಡಿಗೆಮನೆಯ ಹೊಸ್ತಿಲಲ್ಲಿ ಕಾಲು ತಾನಾಗಿಯೇ ನಿಂತಿತು. ಇಪ್ಪತ್ತು ವರ್ಷ ತೊಳೆದ ಪಾತ್ರೆಯನ್ನು ಇಲ್ಲಿಂದಲೇ ಒಳಗೆ ನೀಡಿದ್ದಳು; ಆಚೆ ಒಂದು ಹೆಜ್ಜೆ ಇಟ್ಟವಳಲ್ಲ. ಇಲ್ಲಿ ಯಾವ ಬೊನಿಫಾಸನೂ ತಂತಿ ಹುಗಿದಿರಲಿಲ್ಲ. ಸೆರಗಿನೊಳಗೆ ಮರಿ ಒಮ್ಮೆ ಮಿಸುಕಿತು. ಅವಳು ದಾಟಿದಳು.

ಚಾವಡಿಯ ನೆಂಟರು ಕಾಲು ಸರಿಸಿಕೊಂಡರು. ನೆತ್ತರು ಸುರಿಯುವ ಕೈಯಲ್ಲಿ ದೇಯಿ ಸೋಫಾದ ಬುಡದಲ್ಲಿ ಕುಕ್ಕರಿಸಿ ಮರಿಯನ್ನು ಕೆಳಗಿಟ್ಟಳು. ಬೊಳ್ಳಿ ತೆವಳಿ ಬಂದು ಅದನ್ನು ಹೊಟ್ಟೆಗೆ ಎಳೆದುಕೊಂಡಿತು.

“ನಿನಗೆ ತಲೆ ಸಮ ಉಂಟಾ? ಒಳಗೆ ಬಂದಿದ್ದೀಯಲ್ಲ!” ಗುಲಾಬಿ ಅಮ್ಮ ಚೀರಿದರು. “ಎಂತ ಅದು ಗಲೀಜು?”

“ನಿಮ್ಮ ಬೆಕ್ಕಿನ ಮರಿ ಅಮ್ಮ. ಕೊಟ್ಟಿಗೆಯಲ್ಲಿ ಹಾಕಿತ್ತು. ಎರಡು ಹಸಿದು ಸತ್ತವು.”

“ಏಳು. ಹೊರಗೆ ನಡಿ” ಎಂದರು ಧಣಿ ಮೆಲ್ಲಗೆ. ನೆಂಟರಿದ್ದರಲ್ಲ. “ನಾಳೆಯಿಂದ ಬರುವುದು ಬೇಡ.”

“ಆಗಲಿ. ಇದು ಹಾಲು ಕುಡಿಯದೆ ನಾನು ಏಳುವುದಿಲ್ಲ.”

ಅವಳು ಮರಿಯ ಬಾಯಿಯನ್ನು ಮೊಲೆಗೆ ಒತ್ತಿದಳು. ಹಾಲು ಚಿಮ್ಮಿ ಅದರ ಮೂತಿಯ ಮೇಲೆ ಹರಿಯಿತು. ಮರಿ ನುಂಗಲಿಲ್ಲ. ತಲೆ ಅವಳ ಬೆರಳಿನಿಂದ ಜಾರಿ ಪಕ್ಕಕ್ಕೆ ಹೊರಳಿತು.

“ಕೇಳಿಸಲಿಲ್ಲವಾ ನಿನಗೆ?” ಧಣಿಯ ದನಿ ಏರಿತು.

ಬೊಳ್ಳಿ ನೆಕ್ಕುವುದನ್ನು ನಿಲ್ಲಿಸಲಿಲ್ಲ. ದೇಯಿಯೂ ಏಳಲಿಲ್ಲ.