ಕರಡು ಮೇಷ್ಟ್ರ ನಿದ್ದೆ

ಕೊರಳಿನ ಗುಂಡಿ ಏನು ಮಾಡಿದರೂ ಕೂಡುತ್ತಿರಲಿಲ್ಲ. ಹೆಂಡತಿ ಮಂಚದ ಅಂಚಿಗೆ ಮೊಣಕಾಲೂರಿ, ಎರಡೂ ಕೈಯಲ್ಲಿ ಕಾಲರನ್ನು ಎಳೆದು ಹಿಡಿದು ಹೆಣಗುತ್ತಿದ್ದಳು. ಆಸ್ಪತ್ರೆಯಲ್ಲಿ ಕೊನೆಕೊನೆಗೆ ಗಂಡನ ಕುತ್ತಿಗೆ ಊದಿಕೊಂಡಿತ್ತು. ಬಿಟ್ಟುಬಿಡು ಅಕ್ಕಾ, ಟೈ ಕಟ್ಟಿದರೆ ಯಾರಿಗೂ ಕಾಣುವುದಿಲ್ಲ ಎಂದು ತಮ್ಮ ಹೇಳಿದ. ಗುಂಡಿ ಹಾಕದೆ ಅವರು ಒಂದು ದಿನವೂ ಆಫೀಸಿಗೆ ಹೋದವರಲ್ಲ ಎಂದಳು ಆಕೆ. ಇವತ್ತು ಆಫೀಸಿಲ್ಲವಲ್ಲ ಎನ್ನುವ ಮಾತು ತಮ್ಮನ ತುದಿನಾಲಗೆಯವರೆಗೆ ಬಂತು, ಪುಣ್ಯಕ್ಕೆ ನುಂಗಿಕೊಂಡ.

ಆಕೆಯ ಚಿಂತೆ ಗುಂಡಿಯದಲ್ಲವೇ ಅಲ್ಲ. ಹೆಣ ಒಯ್ಯುವ ವ್ಯಾನು ಬರುವುದರೊಳಗೆ ಮಗಳು ಬರುವವಳಿದ್ದಳು. ಬೇರೆ ಊರಿನಲ್ಲಿದ್ದ ಅವಳಿಗೆ ಅಪ್ಪನ ಕಾಯಿಲೆಯ ಸುದ್ದಿಯೇ ಗೊತ್ತಿರಲಿಲ್ಲ. ನಿನ್ನೆ ಸಾವಿನ ಸುದ್ದಿ ಮಾತ್ರ ಮುಟ್ಟಿತ್ತು. ಬಂದವಳೇ ಏನು ಕೇಳುತ್ತಾಳೆಂದು ತಾಯಿಗೆ ಗೊತ್ತಿತ್ತು. ಅಪ್ಪ ನನ್ನನ್ನು ಕೇಳಿದರಾ? ಅದಕ್ಕೆ ಉತ್ತರವೂ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅಷ್ಟರಲ್ಲಿ ಗಂಡನ ಆಫೀಸಿನಿಂದ ಒಬ್ಬರು ಬಂದರು. ಕೇಂದ್ರ ಬ್ಯಾಂಕಿನ ಪತ್ರಿಕಾ ವಿಭಾಗದ ಅಧಿಕಾರಿ, ಒಂದು ಕಾಲಕ್ಕೆ ಗಂಡನ ಕೈಕೆಳಗೆ ಪಳಗಿದವರು. ಹೂವಿನ ಜೊತೆ ಬ್ಯಾಂಕಿನ ಸಂತಾಪ ಪತ್ರವನ್ನೂ ತಂದಿದ್ದರು. 'ಬ್ಯಾಂಕಿಗೆ ಗಣನೀಯ ಸೇವೆ ಸಲ್ಲಿಸಿದ' ಎಂದಿತ್ತು ಅದರಲ್ಲಿ. ಹೆಂಡತಿ ಓದಿ ತಲೆಯೆತ್ತಿದಳು.

"ಅಪಾರ ಸೇವೆ ಅಂತ ಯಾಕಿಲ್ಲ?"

"ನಾನು ಅಪಾರ ಅಂತಲೇ ಬರೆದಿದ್ದೆ ಅಮ್ಮಾ. ಹಾಗೆ ಹಾಕಿದ್ರೆ ಮುಂದೆ ಸಾಯೋರಿಗೆಲ್ಲ ಹಾಕಬೇಕಾಗುತ್ತೆ ಅಂತ ಮೇಲಿನೋರು ತೆಗೆಸಿದ್ರು."

ಆಕೆಗೆ ನಗು ಬಂತು. ಗಂಡ ಇದ್ದಿದ್ದರೆ ಅವರೂ ತೆಗೆಸುತ್ತಿದ್ದರು.

*

ಆಫೀಸಿನಲ್ಲಿ ಅವರಿಗೆ ಕರಡು ಮೇಷ್ಟ್ರು ಎಂದೇ ಹೆಸರು. ಬಡ್ಡಿದರ ಏರಿತೋ ಇಳಿಯಿತೋ ಇದ್ದಂತೆಯೇ ಇದೆಯೋ ಎಂದು ಗವರ್ನರ್ ಲೋಕಕ್ಕೆ ಓದಿ ಹೇಳುವ ಪ್ರಕಟಣೆ ಅವರ ಮೇಜಿನ ಮೇಲೆ ಹುಟ್ಟುತ್ತಿತ್ತು. ಸಂಶೋಧನಾ ವಿಭಾಗದವರು ಹೊರೆಗಟ್ಟಲೆ ಅಂಕಿಅಂಶ ಕಳಿಸುತ್ತಿದ್ದರು. ಸಾಲಪತ್ರ ಕೊಂಡು ಮಾರುವ ವಿಭಾಗದವರು ಈ ಪದ ಹಾಕಿದರೆ ಮಾರುಕಟ್ಟೆ ಹೆದರುತ್ತದೆ, ಆ ಪದ ತೆಗೆದರೆ ಕುಣಿಯುತ್ತದೆ ಎಂದು ತಕರಾರು ತೆಗೆಯುತ್ತಿದ್ದರು. ಎಲ್ಲರನ್ನೂ ಸಂಭಾಳಿಸಿ, ಯಾರ ನಿದ್ದೆಯೂ ಕೆಡದಂಥ ಒಂದು ಪುಟ ಮಾಡುವುದು ಮೇಷ್ಟ್ರ ಕಸುಬು.

ಪ್ರಕಟಣೆಗೆ ಮುಂಚಿನ ದಿನಗಳಲ್ಲಿ ಅದರ ಕೆಲಸದಲ್ಲಿದ್ದವರು ಹೊರಗಿನವರೊಡನೆ ಬಡ್ಡಿದರದ ಮಾತೆತ್ತುವಂತಿಲ್ಲ. ಅದು ನಿಯಮ. ಮೇಷ್ಟ್ರು ಅದನ್ನು ಮನೆಗೂ ತಂದರು. ತರಕಾರಿ ದುಬಾರಿಯಾಯಿತಲ್ಲ ಎಂದರೆ ಹೂಂ ಎನ್ನುತ್ತಿರಲಿಲ್ಲ, ಊಹೂಂ ಎನ್ನುತ್ತಿರಲಿಲ್ಲ. ಮಳೆ ಬರುತ್ತದೆಯೇ ಎಂದು ಕೇಳಿದರೂ ಬೆಳವಣಿಗೆಗಳನ್ನು ಗಮನಿಸಬೇಕು ಅನ್ನುತ್ತಾರೆ ನಮ್ಮಪ್ಪ ಎಂದು ಮಗಳು ಗೆಳತಿಯರ ಮುಂದೆ ಅಣಕಿಸುತ್ತಿದ್ದಳು. ಆದರೆ ಬಾಯಿ ಕಟ್ಟಿಕೊಂಡವರಿಗೆ ನಿದ್ದೆಯನ್ನು ಕಟ್ಟಿಹಾಕಲು ಆಗುತ್ತದೆಯೇ? ದರ ಬದಲಾಗುವುದಿದ್ದರೆ ಮೇಷ್ಟ್ರು ರಾತ್ರಿಯೆಲ್ಲ ನಡುಮನೆಯಲ್ಲಿ ಶತಪಥ ಹಾಕುತ್ತಿದ್ದರು. ಬದಲಾಗದಿದ್ದರೆ ಗೋಡೆ ಅದುರುವಂತೆ ಗೊರಕೆ. ಹೆಂಡತಿಗೂ ಮಗಳಿಗೂ ಅದು ಮನೆಯೊಳಗಿನ ತಮಾಷೆ.

ಓದು ಮುಗಿಸಿ ಮಗಳು ಸರ್ಕಾರಿ ಸಾಲಪತ್ರಗಳ ವ್ಯಾಪಾರ ಮಾಡುವ ಕಂಪನಿಯೊಂದಕ್ಕೆ ಸೇರಿದಳು. ದರ ಏರಿಯೇ ಏರುತ್ತದೆ, ಸಾಲಪತ್ರಗಳ ಬೆಲೆ ಬಿದ್ದೇ ಬೀಳುತ್ತದೆ ಎಂದು ಮಾರುಕಟ್ಟೆಯೆಲ್ಲ ನಡುಗುತ್ತಿದ್ದ ಒಂದು ಬೆಳಿಗ್ಗೆ, ನಿಮ್ಮಪ್ಪ ಏನಂತಾರೆ ಎಂದು ಕಂಪನಿಯ ಯಜಮಾನ ಚೇಷ್ಟೆಗೆ ಕೇಳಿದ. ಅವಳೂ ಚೇಷ್ಟೆಗೇ ಹೇಳಿದಳು.

"ಅಪ್ಪ ಏನೂ ಅನ್ನಲ್ಲ ಸರ್. ರಾತ್ರಿ ಮಾತ್ರ ಭರ್ಜರಿ ಗೊರಕೆ."

ಶತಪಥದ ಕತೆಯನ್ನು ಹಿಂದೊಮ್ಮೆ ಅವಳ ಬಾಯಿಂದಲೇ ಕೇಳಿದ್ದ ಯಜಮಾನ, ಎಲ್ಲರೂ ಮಾರುತ್ತಿದ್ದ ಸಾಲಪತ್ರಗಳನ್ನು ಬಾಚಿ ಬಾಚಿ ಕೊಂಡ. ಮಧ್ಯಾಹ್ನ ಗವರ್ನರ್ ದರ ಇದ್ದಂತೆಯೇ ಇರುತ್ತದೆ ಎಂದು ಓದಿದರು. ಸಾಲಪತ್ರಗಳ ಬೆಲೆ ಚಿಮ್ಮಿತು. ಇಷ್ಟು ಧೈರ್ಯ ಇವನಿಗೆಲ್ಲಿಂದ ಬಂತೆಂದು ವಿಚಾರಣೆ ನಡೆಯಿತು.

ಮಗಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಮೇಷ್ಟ್ರು ಒಂದಕ್ಷರವನ್ನೂ ಬಿಟ್ಟುಕೊಟ್ಟಿಲ್ಲವೆಂದು ತೀರ್ಮಾನವಾಯಿತು. ತಪ್ಪಿಲ್ಲ ಎಂದು ಬರೆದುಕೊಟ್ಟವರೇ ಅವರನ್ನು ಹಳೆಯ ವರದಿಗಳ ಗ್ರಂಥಾಲಯಕ್ಕೆ ವರ್ಗ ಮಾಡಿದರು. ನಿವೃತ್ತಿಯವರೆಗೂ ಅವರು ಅಲ್ಲೇ ಧೂಳು ಹೊಡೆದರು. ಆಮೇಲೆ ಮಗಳೊಂದಿಗೆ ಮಾತು ನಿಂತಿತು. ಬೈದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು, ಬೈಯಲಿಲ್ಲ. ರಾತ್ರಿ ಪಕ್ಕದ ಸಣ್ಣ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಮಲಗತೊಡಗಿದರು. ಹೆಂಡತಿಗೂ ಅಲ್ಲಿ ಜಾಗವಿರಲಿಲ್ಲ. ತನ್ನದೇನು ತಪ್ಪು ಎಂದು ಆಕೆ ಒಮ್ಮೆಯೂ ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ. ಆ ವರ್ಷವೇ ಮಗಳು ಊರು ಬಿಟ್ಟಳು. ಫೋನ್ ಮಾಡಿದಾಗಲೆಲ್ಲ, ಅಪ್ಪ ಏನಾದರೂ ಅಂದರಾ ಎಂಬುದೇ ಕೊನೆಯ ಮಾತು.

*

ಹೆಂಡತಿ ಅಧಿಕಾರಿಯನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಆಸ್ಪತ್ರೆಯಲ್ಲಿ ನಡೆದದ್ದನ್ನು ತಗ್ಗಿದ ದನಿಯಲ್ಲಿ ಹೇಳಿದಳು. ಮಗಳಿಗೆ ಫೋನ್ ಮಾಡಲೇ ಎಂದು ಗಂಡನನ್ನು ಕೇಳಿದ್ದಳು. ಬೇಡ ಎಂದಿದ್ದರು. ಮರುದಿನ ಮತ್ತೆ ಕೇಳಿದಾಗ ಕಣ್ಣು ತೆರೆದು, ಅವಳು ಬರಕೂಡದು, ನಾನು ಹೋದಮೇಲೆ ತಿಳಿಸು ಸಾಕು ಎಂದಿದ್ದರು. ಜೀವಮಾನವೆಲ್ಲ ಬಹುಶಃ, ಸದ್ಯಕ್ಕೆ, ಸಂದರ್ಭಾನುಸಾರ ಎಂದು ಮಾತಾಡಿದ ಮನುಷ್ಯ ಇದೊಂದನ್ನು ಮಾತ್ರ ಕಡ್ಡಿ ಮುರಿದಂತೆ ಹೇಳಿದ್ದರು. ಆಕೆ ಗಂಡನ ಮಾತು ಮೀರಲಿಲ್ಲ.

ನೋವಾಗದ ಹಾಗೆ ಹೇಳುವುದು ನಿಮ್ಮ ಕಸುಬಲ್ಲವೇ, ಹೇಗೆ ಹೇಳಲಿ ಎಂದು ಕೇಳಿದಳು. ಅಧಿಕಾರಿ ಹಣೆ ಉಜ್ಜಿಕೊಂಡರು. ಮಗಳಿಗೆ ತೊಂದರೆ ಕೊಡುವ ಇಚ್ಛೆ ಅವರಿಗಿರಲಿಲ್ಲ ಎನ್ನಬಹುದು ಎಂದರು. ಅದು ಆಫೀಸಿನ ಮಾತು, ಅವಳು ಮೇಷ್ಟ್ರ ಮಗಳು, ಒಂದೊಂದು ಪದವನ್ನೂ ಬಿಡಿಸಿ ನೋಡುತ್ತಾಳೆ ಎಂದಳು ಆಕೆ. ಹಾಗಾದರೆ ಪ್ರಜ್ಞೆ ಇರಲಿಲ್ಲ ಎನ್ನಿ ಎಂದರು. ತಮ್ಮ ದಿನವೂ ಆಸ್ಪತ್ರೆಗೆ ಬಂದು ಮಾತಾಡಿಸಿ ಹೋಗಿದ್ದ. ಅವನ ಬಾಯಲ್ಲಿ ನಿಲ್ಲುವ ಮಾತಲ್ಲ ಅದು.

"ಅವರು ಕೇಳ್ತಾನೇ ಇದ್ರು, ನಾನೇ ಫೋನ್ ಮಾಡ್ಲಿಲ್ಲ ಅಂತೀನಿ," ಎಂದಳು ಆಕೆ.

"ಅಮ್ಮಾ, ಆಮೇಲೆ ಮಗಳು ನಿಮ್ಮ ಮುಖ ನೋಡ್ತಾರಾ?"

"ಹೋದೋರ ಮೇಲೆ ಸಿಟ್ಟು ಇಟ್ಕೊಂಡು ಅವಳು ಯಾರ ಹತ್ರ ಜಗಳ ಆಡ್ತಾಳೆ? ನಾನಾದ್ರೆ ಇದೀನಲ್ಲ."

ಅಧಿಕಾರಿಗೆ ಕಣ್ಣು ತುಂಬಿ ಬಂತು. ಆದರೂ ಕಸುಬು ಬಿಡಲಿಲ್ಲ. ಕಾರಣ ಮಾತ್ರ ಕೊಡಬೇಡಿ, ಕಾರಣ ಕೊಟ್ಟಷ್ಟೂ ಪ್ರಶ್ನೆಗಳು ಹುಟ್ಟುತ್ತವೆ ಎಂದು ಮೇಷ್ಟ್ರೇ ನನಗೆ ಕಲಿಸಿದ್ದು ಎಂದರು. ಆಕೆ ತಲೆಯಾಡಿಸಿ ಮುಖ ತೊಳೆದುಕೊಂಡಳು.

ಮಗಳು ಬಂದಾಗ ವ್ಯಾನಿನವನು ಕೆಳಗೆ ಕಾಯುತ್ತಿದ್ದ. ಅವಳು ಚಪ್ಪಲಿಯಲ್ಲೇ ಒಳಗೆ ಬಂದು, ಅಪ್ಪನ ಕಾಲ ಬಳಿ ನಿಂತಳು. ಹತ್ತಿರ ಹೋಗಲಿಲ್ಲ. ಹೋಗಬಹುದೋ ಇಲ್ಲವೋ ಎಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. ತಾಯಿಯ ಕಡೆ ತಿರುಗಿ, ಎಷ್ಟೋ ವರ್ಷ ಫೋನಿನಲ್ಲಿ ಕೇಳಿದ ದನಿಯಲ್ಲೇ ಕೇಳಿದಳು.

"ಅಪ್ಪ ನನ್ನ ಕೇಳಿದ್ರಾ?"

"ಕೇಳಿದ್ರು ಕಂದಾ. ದಿನಾ ಕೇಳ್ತಿದ್ರು."

ಮಗಳ ಮುಖ ಒಮ್ಮೆಲೇ ಸಡಿಲವಾಯಿತು. ಓಡಿಹೋಗಿ ಅಪ್ಪನ ಎದೆಯ ಮೇಲೆ ಬಿದ್ದಳು. ಅಷ್ಟು ವರ್ಷ ಹಿಡಿದಿಟ್ಟ ಅಳು ಮಹಡಿಯ ಮೂರೂ ಮನೆಗಳಿಗೆ ಕೇಳಿಸಿತು. ತಾಯಿ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದಳು. ಒಂದು ಗಳಿಗೆ, ಇಷ್ಟಕ್ಕೇ ಮುಗಿಯಲಿ ದೇವರೇ ಎಂದುಕೊಂಡಳು.

ಮುಗಿಯಲಿಲ್ಲ. ಮಗಳು ತಲೆಯೆತ್ತಿದಳು.

"ಮತ್ತೆ ನನಗ್ಯಾಕೆ ಫೋನ್ ಬರ್ಲಿಲ್ಲ?"

"ನಾನೇ ಮಾಡ್ಲಿಲ್ಲ."

"ಯಾಕಮ್ಮಾ?"

ತಾಯಿ ಬಾಯಿ ತೆರೆಯಲಿಲ್ಲ. ಮಗಳು ಕಾದಳು. ಗಾಬರಿಯಾಗಿತ್ತು, ಮರೆತುಹೋಯಿತು, ಏನಾದರೊಂದು ನೆಪ ಸಿಕ್ಕಿದ್ದರೂ ಒಪ್ಪಿಕೊಳ್ಳುವಂತೆ ಕಾದಳು. ಅಧಿಕಾರಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಕೊನೆಗೆ ವ್ಯಾನಿನವನು ಮೇಲೆ ಬಂದು, ಹೊತ್ತಾಯಿತು ಎಂದ.

ಕೆಳಗೆ ಇಳಿಸಿ ವ್ಯಾನಿನೊಳಗೆ ಮಲಗಿಸಿದ ಮೇಲೆ ಮಗಳು ಮೊದಲು ಹತ್ತಿದಳು. ಪಕ್ಕದ ಉದ್ದ ಸೀಟಿನಲ್ಲಿ ಇಬ್ಬರಿಗೆ ಜಾಗವಿತ್ತು. ಅವಳು ಅಪ್ಪನ ತಲೆಯ ಬಳಿ ಕೂತು, ಹೊದಿಸಿದ್ದ ಬಟ್ಟೆಯೊಳಗೆ ಕೈ ಹಾಕಿ ಅವರ ಕೈ ಹಿಡಿದುಕೊಂಡಳು. ತಾಯಿ ಸರಳು ಹಿಡಿದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು. ಮಗಳು ಅವಳತ್ತ ನೋಡದೆ, ಹೆಗಲಿನ ಬ್ಯಾಗನ್ನು ತೆಗೆದು ಪಕ್ಕದ ಖಾಲಿ ಜಾಗದಲ್ಲಿ ಇಟ್ಟಳು.